ಮಣೆಯ ಮೇಲೆ ಕೂತೇ ಹುಣಸಗಿ ತಲುಪಿದವಳು

ನಮ್ಮ ಮನೆಗೆ ಯಾವ ಹೊಸ ಯಂತ್ರ ಬಂದರೂ ಅದಕ್ಕೆ ಮೊದಲು ಅರಿಷಿಣ ಕುಂಕುಮ ಹಚ್ಚಬೇಕು. ಇದು ನನ್ನ ಹೆಂಡತಿಯ ಕಾಯ್ದೆ. ಪೆಟ್ಟಿಗೆ ಬಿಚ್ಚುವ ಸಂಭ್ರಮ ನನ್ನದು, ಬಿಚ್ಚಿದ ಮೇಲೆ ಬೊಟ್ಟು ಇಡುವ ಅಧಿಕಾರ ಅವಳದು. ಒಮ್ಮೆ ಹೊಸ ಫೋನಿನ ಚಾರ್ಜಿಂಗ್ ತೂತಿನೊಳಗೆ ಕುಂಕುಮ ಹೋಗಿ, ತನ್ನೊಳಗೆ ನೀರು ಹೊಕ್ಕಿದೆ ಎಂದು ಅದು ಮೂರು ದಿನ ಬಡಕೊಳ್ಳುತ್ತಲೇ ಇತ್ತು. ನಾನು ಹಲ್ಲುಕಡ್ಡಿ ಹಿಡಿದು ಕುಂಕುಮ ಕೆದರುತ್ತ ಕೂತಿದ್ದಾಗ ಅವಳು ಬಾಗಿಲಿಗೆ ಒರಗಿ ನಿಂತು, "ದೇವರ ಬೊಟ್ಟ ತಡಕೊಳ್ಳಲಾರದ ಸಾಮಾನು ನಮ್ಮ ಬಿಸಲು ಏನ್ ತಡಕೊಂತದ್ರಿ?" ಎಂದಳು.

ನಾನು ಸುರಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆ ಶಹಾಪುರದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸು ಇಳಿದು ಬರುವ ಬದುಕು. ಮಗಳು ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ, ಹೀಗಾಗಿ ಮನೆಯಲ್ಲಿ ನಾವಿಬ್ಬರೇ. ಕೆಲವರಿಗೆ ಇಸ್ಪೀಟಿನ ಚಟ ಇರುತ್ತದೆ, ಕೆಲವರಿಗೆ ಊರ ರಾಜಕಾರಣದ ಚಟ. ನನಗೆ ಹೊಸ ಸಾಮಾನಿನ ಚಟ. ಫೋನು, ಕೈಗಡಿಯಾರ, ಕಿವಿಗೆ ಹಾಕುವ ಯಂತ್ರ, ಹೊಸ ಆ್ಯಪು, ಎಲ್ಲದರ ಜಾತಕವೂ ನನ್ನ ಬಳಿ ಇರುತ್ತದೆ. ಕಚೇರಿಯಲ್ಲಿ ಯಾರೇ ಫೋನು ಕೊಳ್ಳಲಿ, ಮೊದಲು ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ. ಆಗ ನನ್ನ ಮುಖ ನೋಡಬೇಕು ಎಂದು ಹೆಂಡತಿ ನಗುತ್ತಾಳೆ, ಒಮ್ಮೆಯೂ ನೋಡದಿದ್ದರೂ.

ಇಂಟರ್ನೆಟ್ಟಿನಲ್ಲಿ ಸಾಮಾನುಗಳ ಗುಣದೋಷ ಹೇಳುವ ಪಂಡಿತರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಅವರೆಲ್ಲ ಏಸಿ ಕೋಣೆಯಲ್ಲಿ ಕೂತು ಮಾತಾಡುವವರು. ಯಾದಗಿರಿ ಜಿಲ್ಲೆಯ ಮೇ ತಿಂಗಳಿನ ಮಧ್ಯಾಹ್ನ ಒಂದು ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿಗೆ ಕಾದು ನೋಡಲಿ. ಫೋನು ತಾನಾಗಿಯೇ ಕೈ ಮುಗಿದು, ನನಗೆ ಬಿಸಿಯಾಗಿದೆ, ತಣ್ಣಗಾದ ಮೇಲೆ ಕರೆಯಿರಿ ಎಂದು ಬರೆದು ಕಣ್ಣು ಮುಚ್ಚುತ್ತದೆ. ನಾನು ಅದನ್ನು ಒದ್ದೆ ಬಟ್ಟೆ ಸುತ್ತಿ ನೀರಿನ ಗಡಿಗೆಯ ಪಕ್ಕದಲ್ಲಿ ಮಲಗಿಸಿದ್ದೂ ಉಂಟು. ಆದ್ದರಿಂದ ನನ್ನ ಅಳತೆಗೋಲೇ ಬೇರೆ. ನಮ್ಮ ಒಂದು ಬೇಸಿಗೆ ದಾಟಿದ ಯಂತ್ರವನ್ನು ಮಾತ್ರ ನಾನು ಒಳ್ಳೆಯ ಯಂತ್ರ ಎನ್ನುತ್ತೇನೆ. ತಾನೇ ಕಸ ಗುಡಿಸುವ ಯಂತ್ರ ನಮ್ಮ ಮನೆಯ ಮೊದಲ ಹೊಸ್ತಿಲಲ್ಲೇ ಸೋತುಹೋಯಿತು. ಎಣ್ಣೆಯಿಲ್ಲದೆ ಕರಿಯುವ ಪಾತ್ರೆ ಮಿರ್ಚಿ ಭಜಿಯನ್ನು ಕಟ್ಟಿಗೆ ಮಾಡಿಕೊಟ್ಟಿತು. ಆದರೂ ನನಗೆ ಇವುಗಳ ಮೇಲೆ ಮಾಯೆ ಹೋಗುವುದಿಲ್ಲ. ಯಾರೋ ಎಲ್ಲೋ ಕೂತು, ಇನ್ನೊಬ್ಬರ ಕಷ್ಟ ಸ್ವಲ್ಪ ಕಡಿಮೆಯಾಗಲಿ ಎಂದು ತಲೆ ಕೆಡಿಸಿಕೊಂಡಿದ್ದಾರಲ್ಲ ಎಂದು ಪ್ರತಿ ಪೆಟ್ಟಿಗೆ ಬಿಚ್ಚುವಾಗಲೂ ಅನ್ನಿಸುತ್ತದೆ.

ಹೋದ ವರ್ಷ ಅವಳಿಗೆ ವಿಪರೀತ ಬಾಯಾರಿಕೆ, ಸುಸ್ತು ಶುರುವಾಯಿತು. ಯಾದಗಿರಿಯ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ವಯಸ್ಸಿನಲ್ಲಿ ನಮಗಿಂತ ಚಿಕ್ಕವರಾದ, ಮಾತು ಚುರುಕಾದ ಡಾಕ್ಟರಮ್ಮ. ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು.

"ತವರುಮನ್ಯಾಗ ಯಾರಿಗರೆ ಇತ್ತೇನ್ರಿ?" ಎಂದು ಕೇಳಿದರು.

"ನಮ್ಮವ್ವಗ ಇತ್ರಿ," ಎಂದಳು ಹೆಂಡತಿ. ಅವಳ ತವರು ಕೆಂಭಾವಿ. ಅವಳ ತಾಯಿ ನಮ್ಮ ಮದುವೆಗೂ ಮೊದಲೇ ತೀರಿಕೊಂಡಿದ್ದರಿಂದ ನಾನು ಅವರನ್ನು ಫೋಟೋದಲ್ಲಿ ಮಾತ್ರ ನೋಡಿದವನು.

"ಗುಳಿಗಿ ಕೊಡ್ತೀನಿ. ಆದ್ರ ಗುಳಿಗಿ ಒಂದ ಸಾಲೂದಿಲ್ರಿ. ದಿನಾ ಮುಕ್ಕಾಲು ತಾಸು ಬಿರಬಿರ ನಡೀಬೇಕು."

ಹೊರಗೆ ಬಂದ ಮೇಲೆ ಅವಳು ಕೇಳಿದಳು, "ಮುಕ್ಕಾಲು ತಾಸು ಎಲ್ಲಿಗಿ ನಡೀಬೇಕ್ರಿ?"

"ಎಲ್ಲಿಗಿ ಅಂದ್ರ? ಸುಮ್ನ ನಡಿಯೋದು."

"ಸುಮ್ನ ಹೆಂಗ ನಡೀತಾರ?"

ಇದೆಂಥ ಪ್ರಶ್ನೆ ಎಂದು ನಕ್ಕುಬಿಟ್ಟೆ. ನನ್ನ ತಲೆ ಆಗಲೇ ಬೇರೆ ಕಡೆ ಓಡುತ್ತಿತ್ತು. ಹೆಜ್ಜೆ ಎಣಿಸುವ ಕೈಗಡಿಯಾರ ಕೊಳ್ಳಲು ಎರಡು ವರ್ಷದಿಂದ ಒಂದು ನೆಪ ಹುಡುಕುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹೆಂಡತಿಗೆ ಕಾಯಿಲೆ ಎಂದು ಗೊತ್ತಾದ ದಿನವೇ ನಾನು ಬಸ್ಸಿನಲ್ಲಿ ಕೂತು ಆರು ಗಡಿಯಾರಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುತ್ತಿದ್ದೆ.

ವಾರದಲ್ಲಿ ಗಡಿಯಾರ ಬಂತು. ಬೊಟ್ಟು ಇಟ್ಟಾಯಿತು. ಎಡಗೈಗೆ ಕಟ್ಟಬೇಕು ಎಂದು ನಾನು ಹೇಳಿದೆ. ಅವಳ ಎಡಗೈ ತುಂಬ ಹಸಿರು ಬಳೆ. ಬಲಗೈ ಬಳೆಗಳು ರೊಟ್ಟಿ ಬಡಿಯಲು ಅಡ್ಡಿ ಎಂದು ಮೊದಲಿನಿಂದಲೂ ಮೊಣಕೈ ಕಡೆಗೆ ಏರಿಸಿಕೊಳ್ಳುತ್ತಾಳೆ, ಹೀಗಾಗಿ ಆ ಮಣಿಕಟ್ಟಿನಲ್ಲಿ ಜಾಗ ಇತ್ತು. ಗಡಿಯಾರ ಅಲ್ಲಿ ಕೂತಿತು.

ಇಲ್ಲಿ ಅವಳ ಕೆಲಸದ ಬಗ್ಗೆ ಹೇಳಬೇಕು. ಬಸ್ ನಿಲ್ದಾಣದ ಹತ್ತಿರ ಒಂದು ಖಾನಾವಳಿ ಇದೆ. ಅದಕ್ಕೆ ದಿನಾ ಅರವತ್ತು ಜೋಳದ ರೊಟ್ಟಿ ಹೋಗುವುದು ನಮ್ಮ ಮನೆಯಿಂದ. ನಾನು ಬಸ್ಸಿಗೆ ಹೊರಟ ಮೇಲೆ ಅವಳು ಮಣೆ ಹಾಕಿಕೊಂಡು ಕೂತರೆ ಹನ್ನೊಂದಕ್ಕೆ ಏಳುತ್ತಾಳೆ. ಹಿಟ್ಟು ನಾದುವುದು, ಬಡಿಯುವುದು, ಹಂಚಿಗೆ ಹಾಕುವುದು, ನೀರು ಸವರಿ ತಿರುವುವುದು, ಎಲ್ಲ ಕೂತಲ್ಲೇ. ಭಾನುವಾರ ನಾನು ಮನೆಯಲ್ಲಿದ್ದರೂ ಪಡಸಾಲೆಯಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಕೂತಿರುತ್ತೇನೆ. ರೊಟ್ಟಿ ಬಡಿಯುವ ಸಪ್ಪಳವನ್ನು ಪೂರ್ತಿ ನುಂಗಿಬಿಡುತ್ತದೆ ಎಂದು ಆ ಯಂತ್ರವನ್ನು ಕಚೇರಿಯಲ್ಲಿ ಹತ್ತು ಜನರ ಮುಂದೆ ಹೊಗಳಿದ್ದೇನೆ ಕೂಡ.

ಗಡಿಯಾರದ ಆ್ಯಪಿನಲ್ಲಿ ಕುಟುಂಬ ಎಂಬ ಪುಟವಿತ್ತು. ಅವಳ ಹೆಜ್ಜೆಗಳು ಅವಳ ಫೋನಿಗೆ ಹೋಗಿ, ಅಲ್ಲಿಂದ ಸುರಪುರದಲ್ಲಿ ಕೂತ ನನ್ನ ಫೋನಿಗೆ ಬರುತ್ತಿದ್ದವು. ಮೊದಲ ಮೂರು ದಿನ ಸಾಧಾರಣ ನಡಿಗೆ ಕಂಡಿತು. ಸಂಜೆ ವಿಚಾರಿಸಿದಾಗ, ರೊಟ್ಟಿ ಮಾಡುವಾಗ ಹಿಟ್ಟು ಹತ್ತುತ್ತದೆಂದು ಗಡಿಯಾರ ಬಿಚ್ಚಿಡುತ್ತೇನೆ ಎಂದಳು.

"ಕಳೀಬ್ಯಾಡ. ನೀರು, ಹಿಟ್ಟು ಏನ್ ಬಿದ್ರೂ ಅದಕ್ಕ ಏನೂ ಆಗೂದಿಲ್ಲ. ಇಪ್ಪತ್ನಾಲ್ಕು ತಾಸು ಕೈಮ್ಯಾಗ ಇರ್ಬೇಕು," ಎಂದು ನಾನೇ ತಾಕೀತು ಮಾಡಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಆ್ಯಪು ತೆರೆದರೆ ಎಂಟು ಸಾವಿರ ಹೆಜ್ಜೆ! ನನಗೆ ಕುರ್ಚಿಯಲ್ಲಿ ಕೂತಿರಲಾಗಲಿಲ್ಲ. ಊಟದ ಡಬ್ಬಿ ಬಿಚ್ಚುವುದನ್ನು ಬಿಟ್ಟು ವರಾಂಡಕ್ಕೆ ಹೋಗಿ ಫೋನು ಮಾಡಿದೆ.

"ಏನ್, ಇವತ್ತ ಭಾಳ ನಡದಿ?"

"ನಿಮ್ಮ ಗಡಿಯಾರಕ್ಕ ಕೇಳ್ರಿ," ಎಂದು ನಕ್ಕಳು.

ಮರುದಿನ ಒಂಬತ್ತು ಸಾವಿರ. ಅದರ ಮರುದಿನವೂ ಅಷ್ಟೇ. ನಾನು ದಿನಾ ಊಟದ ಹೊತ್ತಿಗೆ ಫೋನು ಮಾಡತೊಡಗಿದೆ. ಮೊದಲು ಹೆಜ್ಜೆಯ ಲೆಕ್ಕ ಹೇಳಿ ಶಭಾಷ್ ಅನ್ನುವುದು, ಫೋನು ಹೇಗೂ ಮಾಡಿದ್ದೇನಲ್ಲ ಎಂದು ರಾತ್ರಿಗೆ ಏನು ಪಲ್ಯ ಮಾಡ್ತಿ, ನಲ್ಲಿಯಲ್ಲಿ ನೀರು ಬಂತೇ ಎಂದು ಕೇಳುವುದು. ಅವಳು ಓಣಿಯ ಸುದ್ದಿ ಹೇಳುತ್ತಿದ್ದಳು. ಯಾರ ಮನೆಯ ಆಡು ಯಾರ ಮನೆಯ ಸಂಡಿಗೆ ತಿಂದಿತು ಎಂಬುದನ್ನು ನಾನು ಕಚೇರಿಯ ವರಾಂಡದಲ್ಲಿ ನಿಂತು ಮನಸ್ಸಿಟ್ಟು ಕೇಳುತ್ತಿದ್ದೆ. ಡಬ್ಬಿಯ ಅನ್ನ ಆರಿಹೋಗುತ್ತಿತ್ತು.

ಆ್ಯಪು ಇನ್ನೂ ಒಂದು ಚಂದ ಮಾಡಿತ್ತು. ಒಟ್ಟು ನಡೆದ ದೂರವನ್ನು ನಕಾಶೆಯ ಮೇಲೆ ಗೆರೆ ಎಳೆದು ತೋರಿಸುತ್ತಿತ್ತು. ನಾನು ಶಹಾಪುರದಿಂದ ಗೆರೆ ಶುರು ಮಾಡಿದೆ. ವಾರದೊಳಗೆ ಅವಳು ಸುರಪುರ ಮುಟ್ಟಿದಳು. ಅಲ್ಲಿಂದ ಕೆಂಭಾವಿಯ ಕಡೆ ತಿರುಗಿಸಿದೆ, ತವರಿಗೆ ಹೋಗಿ ಬರಲಿ ಎಂದು. ಪಕ್ಕದ ಮೇಜಿನವರಿಗೂ ಇದರ ರುಚಿ ಹತ್ತಿತು. ಬೆಳಿಗ್ಗೆ ಬಂದ ಕೂಡಲೇ, "ನಿಮ್ಮ ಮನಿಯವ್ರು ಇವತ್ತ ಎಲ್ಲಿ ಮುಟ್ಟ್ಯಾರ?" ಎಂದು ಕೇಳುತ್ತಿದ್ದರು. ಹುಣಸಗಿ ಮುಟ್ಟಿದ ದಿನ ನಾನು ಎಲ್ಲರಿಗೂ ಚಹ ಕುಡಿಸಿದೆ.

ಅಮಾವಾಸ್ಯೆ ದಿನ ಮಾತ್ರ ಹೆಜ್ಜೆ ಧುತ್ತನೆ ಕುಸಿಯುತ್ತಿತ್ತು. ಒಂದು ಸಲ ಆಯಿತು, ಎರಡು ಸಲ ಆಯಿತು. ಅಮಾವಾಸ್ಯೆಗೆ ಖಾನಾವಳಿ ಬಾಗಿಲು ತೆರೆಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿದ್ದ ಸಂಗತಿ. ಆದರೂ ನಾನು, ಆ ದಿನ ಮನುಷ್ಯರ ಮೈಯಲ್ಲಿ ಏನೋ ಜಡ ಸೇರುತ್ತದೆ ಎಂದು ಒಂದು ಸಿದ್ಧಾಂತವನ್ನೇ ಕಟ್ಟಿ ಪಕ್ಕದ ಮೇಜಿನವರಿಗೆ ವಿವರಿಸಿದೆ. ಅವರು ಹೌದ್ರಿ ಹೌದ್ರಿ ಎಂದರು. ಬುದ್ಧಿವಂತ ಎಂದು ಹೆಸರು ಬಿದ್ದವನ ಮಾತಿಗೆ ಎದುರಾಡುವವರು ಕಡಿಮೆ.

ಮೂರು ತಿಂಗಳಿಗೆ ಮತ್ತೆ ಯಾದಗಿರಿಗೆ ಹೋದೆವು. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಒಂದಿದೆ. ಅದನ್ನು ಮಾಡಿಸಿ ಚೀಟಿ ಹಿಡಿದು ಒಳಗೆ ಹೋದರೆ ಡಾಕ್ಟರಮ್ಮನ ಹುಬ್ಬು ಗಂಟಾಯಿತು. ಸಕ್ಕರೆ ಇಳಿದಿರಲಿಲ್ಲ, ಏರಿತ್ತು.

"ನಡ್ಯಾಕತ್ತೀರೋ ಇಲ್ಲೋ?" ಎಂದು ಅವಳನ್ನು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ನಾನು ಫೋನು ಮುಂದಿಟ್ಟೆ. ದಿನದ ಗೆರೆ, ವಾರದ ಗೆರೆ, ತಿಂಗಳ ಗೆರೆ. ಹುಣಸಗಿಯ ನಕಾಶೆಯನ್ನೂ ತೋರಿಸಿದೆ. ಡಾಕ್ಟರಮ್ಮ ಬೆರಳಿನಿಂದ ಸರಿಸಿ ಸರಿಸಿ ನೋಡಿದರು. ಹೆಂಡತಿ ತನ್ನ ಸೆರಗಿನ ಅಂಚು ನೋಡುತ್ತ ಕೂತಿದ್ದಳು.

"ಗುಳಿಗಿ ಬರೋಬ್ಬರಿ ತಗೊಳ್ಳಾಕತ್ತೀರಿ. ದಿನಾ ಇಷ್ಟು ನಡ್ಯಾಕತ್ತೀರಿ. ಆದ್ರೂ ಇಳದಿಲ್ಲಂದ್ರ ಇನ್ನ ಕಾಯೂದು ಛಲೋ ಅಲ್ರಿ. ಇನ್ಸುಲಿನ್ ಶುರು ಮಾಡೂಣು. ಸೋಮವಾರ ಬರ್ರಿ, ಸಿಸ್ಟರ್ ಇಬ್ಬರಿಗೂ ಕಲಸ್ತಾರ."

ಅವಳ ಮುಖದ ಬಣ್ಣ ಹೋಯಿತು. ನಾನು ನೋಡಿದೆ. ನೋಡಿಯೂ, ದೇವರಾಣೆ, ನನ್ನ ಬಾಯಿಂದ ಬಂದ ಮೊದಲ ಮಾತು ಇದು: "ಪೆನ್ನಿನಂಥದ್ದು ಬರ್ತದಲ್ರಿ ಮೇಡಂ, ಗುಂಡಿ ಒತ್ತೂದು? ಮತ್ತ ತೋಳಿಗಿ ಹಚ್ಚೂ ಒಂದು ಬಿಲ್ಲಿ ಅದ ಅಂತ, ಸಕ್ಕರಿ ಎಷ್ಟದ ಅಂತ ಫೋನಿಗೇ ಹೇಳ್ತದಂತಲ್ರಿ?"

ಬಸ್ಸಿನಲ್ಲಿ ಬರುವಾಗ ಪೂರ್ತಿ ದಾರಿ ಅವಳಿಗೆ ಅದರ ವಿಡಿಯೋ ತೋರಿಸಿದೆ. ಸೂಜಿ ಎಷ್ಟು ಸಣ್ಣದು ನೋಡು, ಚುಚ್ಚಿದ್ದೇ ಗೊತ್ತಾಗುವುದಿಲ್ಲವಂತೆ ಎಂದೆ. ಅವಳು ಹೂಂ, ಹೂಂ ಎಂದು ಕಿಟಕಿಯ ಹೊರಗೆ ನೋಡುತ್ತಿದ್ದಳು. ಸೂಜಿಗೆ ಹೆದರಿದ್ದಾಳೆ ಎಂದುಕೊಂಡು ಇನ್ನೂ ಹುರುಪಿನಿಂದ ವಿವರಿಸಿದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅದು ಶನಿವಾರ. ಮರುದಿನ ಭಾನುವಾರ, ಆ ತೋಳಿನ ಬಿಲ್ಲೆ ಅವಳ ಫೋನಿಗೆ ಹೊಂದುತ್ತದೋ ಇಲ್ಲವೋ ನೋಡೋಣ ಎಂದು ಅವಳ ಫೋನು ಹುಡುಕಿಕೊಂಡು ಅಡುಗೆಮನೆಗೆ ಹೋದೆ. ಅವಳು ಮಣೆಯ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು. ಪಟ ಪಟ ಪಟ ಪಟ, ಎಡಗೈ ಹಿಟ್ಟನ್ನು ತಿರುಗಿಸುತ್ತಿದೆ, ಬಲಗೈ ಬೀಳುತ್ತಿದೆ. ಅವಳ ಫೋನು ಗೋಡೆಯ ಗೂಡಿನಲ್ಲಿತ್ತು, ಗಡಿಯಾರದ ಆ್ಯಪು ತೆರೆದೇ ಇತ್ತು. ಕೈಗೆತ್ತಿಕೊಂಡು ನೋಡಿದೆ. ಹೆಜ್ಜೆ ಓಡುತ್ತಿತ್ತು. ಮೂರು ಸಾವಿರದ ನೂರ ಹತ್ತು, ಹನ್ನೊಂದು, ಹನ್ನೆರಡು. ಅವಳು ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು. ಹೆಜ್ಜೆ ನಿಂತಿತು. ಇನ್ನೊಂದು ಮುದ್ದೆ ತಗೊಂಡಳು. ಹೆಜ್ಜೆ ಮತ್ತೆ ಹೊರಟಿತು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಸಪ್ಪಳಕ್ಕೆ ತಿರುಗಿದವಳು ನನ್ನ ಕೈಯಲ್ಲಿದ್ದ ಫೋನು ನೋಡಿದಳು, ನನ್ನ ಮುಖ ನೋಡಿದಳು. ಅಡಗಿಸಲು ಇನ್ನೇನೂ ಉಳಿಯಲಿಲ್ಲ ಎಂಬಂತೆ ಗಡಿಯಾರ ಬಿಚ್ಚಿ ನನ್ನ ಕೈಗಿಟ್ಟಳು. ನನಗೆ ಇನ್ನೂ ನಂಬಿಕೆ ಬಾರದೆ ಅದನ್ನು ನನ್ನ ಬಲಗೈಗೆ ಕಟ್ಟಿಕೊಂಡು ಹಿಟ್ಟಿನ ಪರಾತದ ಮುಂದೆ ಕೂತೆ. ನನ್ನ ರೊಟ್ಟಿ ನಾಲ್ಕನೆಯ ಏಟಿಗೆ ಹರಿಯಿತು, ಆದರೆ ಹೆಜ್ಜೆ ಮಾತ್ರ ನಿಷ್ಠೆಯಿಂದ ಏರಿತು. ಒಂದು ರೊಟ್ಟಿಗೆ ಸುಮಾರು ನೂರು. ಅರವತ್ತು ರೊಟ್ಟಿಗೆ ಆರು ಸಾವಿರ. ಉಳಿದದ್ದು ಪಾತ್ರೆ ತಿಕ್ಕಿದ್ದು, ಬಟ್ಟೆ ಒಗೆದದ್ದು, ನೀರು ತುಂಬಿದ್ದು. ಮಣೆಯ ಮೇಲೆ ಕೂತೇ ನನ್ನ ಹೆಂಡತಿ ಹುಣಸಗಿ ತಲುಪಿದ್ದಳು, ಮತ್ತು ಆ ಲೆಕ್ಕವನ್ನು ನಾನೇ ಡಾಕ್ಟರಮ್ಮನ ಮುಂದಿಟ್ಟು ಅವಳಿಗೆ ಇನ್ಸುಲಿನ್ ಬರೆಸಿಕೊಂಡು ಬಂದಿದ್ದೆ.

"ನಿನಗ ಗೊತ್ತಿತ್ತಾ?"

"ನಾಕನೇ ದಿನಾನ ಗೊತ್ತಾತ್ರಿ. ಕುಂತಲ್ಲೇ ಗುರ್ ಗುರ್ ಅಂತು, ಗುರಿ ಮುಟ್ಟೀರಿ ಅಂತ ತೋರಿಸ್ತು."

"ಮತ್ತ ನಡಿಲಿಲ್ಲ ಯಾಕ?" ನನ್ನ ದನಿ ಏರಿತ್ತು.

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಹೇಳಿದಳು. ಮೊದಲ ಮೂರು ದಿನ ನಿಜವಾಗಿಯೂ ನಡೆದಳಂತೆ. ನಮ್ಮ ಓಣಿಯಿಂದ ಕೆರೆಯ ದಂಡೆಯವರೆಗೆ. ಮೊದಲ ದಿನ ಓಣಿಯ ಪ್ರತಿ ಬಾಗಿಲಲ್ಲೂ, ಎಲ್ಲಿ ಹೊಂಟೀರಿ ಅಕ್ಕಾರ? ಎಲ್ಲಿಗೂ ಇಲ್ಲ ಎಂದರೆ, ಎಲ್ಲಿಗೂ ಇಲ್ಲ ಅಂದ್ರ? ಎರಡನೆಯ ದಿನ, ಕೈಯಲ್ಲಿ ಚೀಲ ಇಲ್ಲ, ತಂಬಿಗೆ ಇಲ್ಲ, ಬರಿಗೈಯಲ್ಲಿ ಹೊರಟಿದ್ದಾಳೆ, ಮನೆಯಲ್ಲಿ ಏನಾದರೂ ಜಗಳವೇ ಎಂದು ಒಬ್ಬಾಕೆ ಕೈ ಹಿಡಿದು ಕೂರಿಸಿ ನೀರು ಕೊಟ್ಟು ಸಮಾಧಾನ ಮಾಡಿದಳಂತೆ. ಮೂರನೆಯ ದಿನ ಇನ್ನೊಬ್ಬಾಕೆ, ನಿಮ್ಮ ಯಜಮಾನ್ರು ಛಲೋ ಅದಾರಿಲ್ಲ ಎಂದು ನನ್ನ ಬಗ್ಗೆಯೇ ವಿಚಾರಿಸಿದಳಂತೆ.

"ಕೆಲಸ ಇದ್ರ ಎಷ್ಟು ದೂರರೆ ಹೋಗಿ ಬರ್ತೀನ್ರಿ. ಖಾಲಿಪೀಲಿ ತಿರಗಾಕ ನನಗ ಬರೂದಿಲ್ಲ. ಎಲ್ಲಿಗಿ ನಡೀಬೇಕು ಅಂತ ಅವತ್ತ ಕೇಳಿದ್ದೆ. ನೀವು ನಕ್ರಿ."

ನಾನು ತಲೆ ತಗ್ಗಿಸಿದೆ. ಎಲ್ಲಿಗೆ ಎಂಬ ಪ್ರಶ್ನೆಗೆ ಗಡಿಯಾರದಲ್ಲಿ ಜಾಗವಿರಲಿಲ್ಲ, ನನ್ನಲ್ಲೂ ಇರಲಿಲ್ಲ. ಆದರೂ, "ಅದನ್ನರೆ ಹೇಳಬೇಕಿತ್ತಿಲ್ಲ. ಮೂರು ತಿಂಗಳು ಸುಮ್ಮನಿದ್ದಿ," ಎಂದೆ.

"ಹೇಳಬೇಕು ಅಂತ ದಿನಾ ಅಂದ್ಕೊಂತಿದ್ದೆ. ಅಷ್ಟರಾಗ ನಿಮ್ಮ ಫೋನ್ ಬರ್ತಿತ್ತು." ಅವಳು ಮುದ್ದೆಯನ್ನು ಅಂಗೈಯಲ್ಲಿ ಗುಂಡಗೆ ಮಾಡುತ್ತಿದ್ದಳು. "ಲಗ್ನ ಆಗಿ ಇಪ್ಪತ್ತೆರಡು ವರ್ಷಾತು. ಗ್ಯಾಸ್ ಬಂತೇನು, ಕರೆಂಟ್ ಬಿಲ್ ಎಲ್ಲದ, ಇಷ್ಟಕ್ಕ ಬಿಟ್ರ ಆಫೀಸಿನಿಂದ ಯಾವಾಗರೆ ಫೋನ್ ಮಾಡೀರೇನು? ಹೆಜ್ಜಿ ಕಮ್ಮಿ ಆದ್ರ ಅದೂ ನಿಂದರ್ತದ ಅಂತ ಅನಸ್ತು."

ನಾನು ಹರಿದ ರೊಟ್ಟಿಯ ಹಿಟ್ಟನ್ನು ಮತ್ತೆ ಮುದ್ದೆ ಮಾಡಿದೆ. ಅವಳು ಅದನ್ನು ಕಸಿದುಕೊಂಡು, "ಬಿಡ್ರಿ, ಖಾನಾವಳಿಯವ್ರು ನನ್ನ ಹೆಸರು ಕೆಡಸ್ತಾರ," ಎಂದಳು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಒಲೆಯ ಹೊಗೆ ಎನ್ನಲು ಮನೆಯಲ್ಲಿ ಇದ್ದದ್ದು ಗ್ಯಾಸು.

ಸೋಮವಾರ ಕಚೇರಿಗೆ ರಜೆ ಹಾಕಿ ಯಾದಗಿರಿಗೆ ಹೋದೆವು. ಡಾಕ್ಟರಮ್ಮನಿಗೆ ನಾನೇ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಟೇಬಲ್ಲಿನ ಮೇಲೆ ಕೈಯಿಟ್ಟು, ನಗು ತಡೆಯಲಾಗದೆ ಹೊರಗಿನ ಸಿಸ್ಟರನ್ನು ಕರೆದು ಅವರಿಗೂ ಹೇಳಿ ಮತ್ತೊಮ್ಮೆ ನಕ್ಕರು. ನಕ್ಕು ಮುಗಿದ ಮೇಲೆ ಗಂಭೀರವಾದರು.

"ಮೂರು ತಿಂಗಳು ಕೊಡ್ತೀನಿ. ಖರೇನ ನಡೀರಿ. ನಡುವ ನಾನು ಕರದಾಗ ಬಂದು ರಕ್ತ ತೋರಸ್ರಿ. ಆಗ್ಲೂ ಇಳೀಲಿಲ್ಲಂದ್ರ ನಾ ಯಾರ ಮಾತೂ ಕೇಳೂದಿಲ್ಲ, ಇನ್ಸುಲಿನ್ನ. ಮತ್ತ ಸಾಹೇಬ್ರ, ಫೋನ್ ತರಬ್ಯಾಡ್ರಿ."

ಹೀಗೆ ನಮ್ಮ ನಡಿಗೆ ಶುರುವಾಯಿತು. ಉಪಾಯ ಅವಳದೇ. ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದರೆ ಯಾರೂ ಕೇಳುವುದಿಲ್ಲ, ಅಂಗಡಿಗೆ ಹೊರಟಿದ್ದಾರೆ ಎಂದುಕೊಳ್ಳುತ್ತಾರೆ. ನಾನು ಬಸ್ಸಿಳಿದು ಬಂದು ಚಹ ಕುಡಿದ ಮೇಲೆ ಇಬ್ಬರೂ ಖಾಲಿ ಚೀಲ ಹಿಡಿದು ಹೊರಡುವುದು, ಕೆರೆಯ ದಂಡೆಯ ಮೇಲೆ ಆ ತುದಿಯವರೆಗೆ ಹೋಗಿ, ಮಲಗಿದ ಬುದ್ಧನ ಹಾಗೆ ಕಾಣುವ ಬೆಟ್ಟಕ್ಕೆ ಬಿಸಿಲು ಇಳಿಯುವ ಹೊತ್ತಿಗೆ ಹಿಂತಿರುಗುವುದು. ಮೊದಲ ವಾರ ನನಗೇ ನಾಚಿಕೆ. ಗಂಡ ಹೆಂಡತಿ ಕೆಲಸವಿಲ್ಲದೆ ಜೊತೆಯಾಗಿ ತಿರುಗುವುದು ನಮ್ಮ ಓಣಿಯಲ್ಲಿ ಮದುವೆಯಾದ ಮೊದಲ ತಿಂಗಳಿಗೆ ಮಾತ್ರ ಮಂಜೂರು. ನಾನು ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದೆ, ಬಸ್ಸಿಗೆ ಹೊರಟವನ ಹಾಗೆ. "ನನ್ನ ಬಿಟ್ಟು ಎಲ್ಲಿ ಓಡಾಕತ್ತೀರಿ?" ಎಂದು ಅವಳು ಹಿಂದಿನಿಂದ ಕೂಗಿದ ಮೇಲೆ ಪಕ್ಕಕ್ಕೆ ಬಂದೆ.

ಚೀಲದ ಉಪಾಯಕ್ಕೂ ಒಂದು ತೊಂದರೆ ಇತ್ತು. ಅಂಗಡಿಗೆ ಹೋಗುವವರೆಂದು ತಿಳಿದ ಮೇಲೆ ಬಾಗಿಲು ಬಾಗಿಲಿನಿಂದ, ಹಂಗ ಬರುವಾಗ ಒಂದು ಕಟ್ಟು ಪುಂಡಿಪಲ್ಯ ತರ್ರಿ ಎನ್ನುವವರು ಶುರುವಾದರು. ತಂದು ಕೊಟ್ಟೆವು. ಎರಡು ಸಲ ಮೆಂತ್ಯ ಪಲ್ಯಕ್ಕಾಗಿ ಸಂತೆಯ ಮೈದಾನ ಸುತ್ತಿ ಬಂದೆವು, ದೂರ ಹೆಚ್ಚಾಯಿತು, ಒಳ್ಳೆಯದೇ ಆಯಿತು. ಒಂದು ಸಂಜೆ ಬಸ್ಸು ತಡವಾಯಿತು, ನಾನು ಮನೆಗೆ ಬಂದರೆ ಬಾಗಿಲಿಗೆ ಬೀಗ. ಕೆರೆಯ ಕಡೆ ಹೋಗಿ ನೋಡಿದರೆ ಅವಳು ಓಣಿಯ ಇನ್ನೂ ಮೂವರು ಹೆಂಗಸರ ಜೊತೆ ಬಿರಬಿರ ಬರುತ್ತಿದ್ದಾಳೆ. ನಾಲ್ವರ ಕೈಯಲ್ಲೂ ಖಾಲಿ ಚೀಲ. ನನ್ನನ್ನು ನೋಡಿ ಅವರಲ್ಲೊಬ್ಬಾಕೆ, "ಸಾಹೇಬ್ರು ಎಲ್ಲಿ ಹೊಂಟಾರ, ಬರಿಗೈಲೆ?" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನದ ಫೋನು ನಿಲ್ಲಲಿಲ್ಲ. ಗಡಿಯಾರ ಈಗ ನನ್ನ ಕೈಯಲ್ಲಿತ್ತು, ಆ್ಯಪಿನ ಕುಟುಂಬದ ಪುಟ ಖಾಲಿ. ಶಭಾಷ್ ಹೇಳಲು ಏನೂ ಇಲ್ಲದೆ ಮೊದಲ ಎರಡು ದಿನ ಸ್ವಲ್ಪ ತಡವರಿಸಿದೆ. ಆಮೇಲೆ ರೂಢಿಯಾಯಿತು.

ಆದರೆ ಒಳಗೊಳಗೆ ಇಬ್ಬರಿಗೂ ಅಂಜಿಕೆ ಇತ್ತು. ಮೂರು ತಿಂಗಳು ಹತ್ತಿರವಾದಂತೆ ಅವಳು ಊಟದ ಮುಂದೆ ಸುಮ್ಮನೆ ಕೂರುವುದು ಹೆಚ್ಚಾಯಿತು. ಕೇಳಿದರೆ ಏನಿಲ್ಲ ಎನ್ನುತ್ತಿದ್ದಳು. ಸೂಜಿಯ ಭಯ ಎಂದು ನಾನು ಅಷ್ಟಕ್ಕೇ ಬಿಟ್ಟೆ. ಇಳಿಯದಿದ್ದರೆ ಎಂಬ ಯೋಚನೆ ನನ್ನನ್ನೂ ಬಿಟ್ಟಿರಲಿಲ್ಲ.

ಗೊತ್ತುಮಾಡಿದ ದಿನ ಹೋದೆವು. ಫೋನನ್ನು ಮನೆಯಲ್ಲೇ ಬಿಟ್ಟಿದ್ದೆ. ಡಾಕ್ಟರಮ್ಮ ಚೀಟಿ ನೋಡಿದರು, ಹಳೆಯ ಚೀಟಿ ತೆಗೆಸಿ ಪಕ್ಕಕ್ಕಿಟ್ಟುಕೊಂಡು ನೋಡಿದರು.

"ಇಳದದ," ಎಂದರು. "ಪೂರಾ ಅಲ್ಲ, ಆದ್ರ ಛಲೋ ಇಳದದ. ಸದ್ಯ ಇನ್ಸುಲಿನ್ ಬ್ಯಾಡ. ಗುಳಿಗಿ ಅವ ಇರ್ಲಿ. ಚೀಲ ಬಿಡಬ್ಯಾಡ್ರಿ."

ನಾನು ಎದ್ದು ಕೈ ಮುಗಿದೆ. ಅವಳು ನೇರ ಹೊರಗೆ ನಡೆದಳು. ದವಾಖಾನೆಯ ಅಂಗಳದಲ್ಲಿ ಬೇವಿನ ಮರಕ್ಕೆ ಕಟ್ಟೆ ಕಟ್ಟಿದ್ದಾರೆ. ನಾನು ಚೀಟಿ ಮಡಚಿಕೊಂಡು ಹೊರಗೆ ಬರುವಷ್ಟರಲ್ಲಿ ಅವಳು ಆ ಕಟ್ಟೆಯ ಮೇಲೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

"ಹುಚ್ಚಿ, ಇಳದದಲ್ಲ! ಸೂಜಿಗಿ ಇಷ್ಟು ಅಂಜಿದ್ಯಾ?"

ಅವಳು ತಲೆಯಲ್ಲಾಡಿಸಿದಳು. ಸೆರಗನ್ನು ಬಾಯಿಂದ ತೆಗೆದಳು.

"ನಮ್ಮವ್ವಗ ಸೂಜಿ ಮಾಡತಿದ್ದಾಕಿ ನಾನ ರಿ. ಎಂಟನೆತ್ತಿ ಓದಾಕತ್ತಿದ್ದೆ. ನರ್ಸಬಾಯಿ ಎರಡು ದಿನ ತೋರಿಸಿ ಹೋದ್ಲು, ಮುಂದ ಎಲ್ಲಾ ನಾನ. ಫ್ರಿಜ್ ಎಲ್ಲಿ ಬರ್ಬೇಕು, ಔಷಧದ ಬಾಟ್ಲಿ ಡಬ್ಬ್ಯಾಗ ಹಾಕಿ ನೀರಿನ ಗಡಗ್ಯಾಗ ಇಡತಿದ್ವಿ. ಸಾಲಿಗಿ ಹೋಗೂ ಮೊದ್ಲ ಒಂದ್ಸಲ, ಬಂದ ಮ್ಯಾಲ ಒಂದ್ಸಲ. ಅವ್ವ ಮಾರಿ ಆ ಕಡಿ ತಿರುವತಿದ್ಲು. ಆಕಿಗಿ ನೋವಾಗ್ತದ, ಅದಕ್ಕ ಅಂತ ತಿಳದಿದ್ದೆ." ಅವಳು ಮೂಗು ಒರೆಸಿಕೊಂಡಳು. "ಆಕಿ ಹೋದ ಮ್ಯಾಲ ನಮ್ಮ ದೊಡ್ಡವ್ವ ಹೇಳಿದ್ಲು. ನನ್ನ ಕೈ ನಡಗೂದು ಆಕಿಗಿ ನೋಡಾಕ ಆಗತಿದ್ದಿಲ್ಲಂತ."

ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಮನೆಯ ಪ್ರತಿ ಯಂತ್ರದ ಒಳಗೆ ಏನಿದೆ ಎಂದು ಬಿಚ್ಚಿ ನೋಡಿದವನು ನಾನು. ಅವಳ ಪಕ್ಕದಲ್ಲಿ ಕೂತೆ.

"ಚುಚ್ಚಿಸ್ಕೊಳ್ಳಾಕ ನನಗೇನು ಅಂಜಿಕಿ ಇಲ್ರಿ," ಎಂದಳು. "ನೀವು ಚುಚ್ಚಬೇಕಾಗ್ತದಲ್ಲ, ಅದಕ್ಕ ಅಂಜಿದ್ದೆ."

"ಈಗಿನ ಪೆನ್ನು ಹಂಗಿಲ್ಲ," ಎಂದೆ. ಏನು ಮಾಡಲಿ, ನನಗೆ ಬರುವುದು ಅದೊಂದೇ ಭಾಷೆ. "ಗುಂಡಿ ಒತ್ತಿದ್ರ ಆತು. ನನ್ನ ಕೈ ನಡಗೂದಿಲ್ಲ."

ಅವಳು ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು. ಅಷ್ಟು ಅಕ್ಕರೆಯಿಂದ ಅವಳು ನನ್ನನ್ನು ಯಾವಾಗ ನೋಡಿದ್ದಳೋ ನೆನಪಿಲ್ಲ.

"ಎರಡು ದಿನ ನಡಗೂದಿಲ್ರಿ," ಎಂದಳು. "ಎರಡು ದಿನ ಅದು ನಿಮಗ ಹೊಸಾ ಸಾಮಾನು. ಮೂರನೇ ದಿನದಿಂದ ಅದು ಸೂಜಿ."